ನೀಲಮುಖಾಸುರನ ಮೊದಲನೆಯ ನಂಬರು

ಜನವರಿ ೬, ೧೯೫೩. ಮಂಗಳವಾರ ಸಂಜೆ

ಇವತ್ತೂ ಬೆಂಚು ಭರ್ತಿ. ನೀಲಮುಖಾಸುರ ಹುಡುಗಿಯನ್ನು ಕದಿಯಲು ಗೋಡೆ ಒಡೆದು ಒಳಗೆ ನುಗ್ಗುವಲ್ಲಿಗೆ ಕಥೆ ನಿಲ್ಲಿಸಿದೆ. ಪ್ರೇಮನಾಥನ ಚಾ ಹೋಟೆಲಿನ ಹಂಚು ಅದುರುವಂತೆ ಆರ್ಭಟ ಕೊಟ್ಟೆ. ಕುಂಬಳೆ ಸ್ಟೇಷನ್ನಿನಲ್ಲಿ ರೈಲಿಗೆ ಕಾದವರೂ ತಿರುಗಿ ನೋಡಿದರಂತೆ. ನೋಡಲಿ.

ಎತ್ತಿನ ಗಾಡಿಯ ಕಿಟ್ಟಣ್ಣ ಗ್ಲಾಸು ಕುಕ್ಕಿ ಎದ್ದ.

"ಆ ಮುಂಡೇಮಗನಿಗೆ ಸಾವು ಬರ್ಲಿಕ್ಕಿಲ್ವಾ ಲೋಕಣ್ಣ?"

"ನಾಳೆ ಬಾ," ಎಂದೆ.

ಕಥೆ ಕೂಸಪ್ಪನ ಪೆಟ್ಟಿಗೆಯಿಂದ ಬಂದದ್ದು. ಹಡಗಿನಲ್ಲಿ ಅಡುಗೆಗಿದ್ದವನು. ಬಿಳಿಯರು ಓದಿ ಎಸೆದ ಚಿತ್ರದ ಪುಸ್ತಕಗಳನ್ನು ಕಟ್ಟಿಕೊಂಡು ಊರಿಗೆ ಬಂದಿದ್ದಾನೆ. ಎಲ್ಲಾ ಒಬ್ಬನದೇ ಕಥೆ, ತಿಂಗಳಿಗೊಂದು ನಂಬರು. ಮಾತು ಇಂಗ್ಲಿಷು. ನನಗೆ ಇಂಗ್ಲಿಷು ಬರುವುದಿಲ್ಲ. ಬೇಕಾಗಿಯೂ ಇಲ್ಲ, ಚಿತ್ರ ಉಂಟಲ್ಲ! ಒಬ್ಬನ ಮುಖ ಪೂರ್ತಿ ನೀಲಿ, ಕಣ್ಣಿಗೆ ಎರಡು ತೂತು. ನಮ್ಮೂರ ಯಕ್ಷಗಾನದ ಆಟದಲ್ಲಿ ಮುಖ ಕಾಣದಷ್ಟು ಬಣ್ಣ ಬಳಿದು ಅಬ್ಬರಿಸುತ್ತಾ ಬರುವವನು ಯಾರು? ರಕ್ಕಸ. ಇನ್ನೊಬ್ಬ — ಬಿಳಿ ಕೋಟು, ಚೂಪು ಮೀಸೆ, ಬೆರಳಿಗೆ ಉಂಗುರ. ರಾಜ. ಸುಮುಖರಾಜ ಎಂದು ಹೆಸರಿಟ್ಟೆ.

ನಾಟಕ ಕಂಪೆನಿ ಮುಚ್ಚಿದ ಮೇಲೆ ನನಗೆ ಉಳಿದ ರಂಗ ಈ ಬೆಂಚು. ಇದೂ ಹೋದರೆ ಲೋಕನಾಥ ಎಂಬವನು ಬರೇ ಅಮ್ಮಣ್ಣಿಯ ಗಂಡ.

ಜನವರಿ ೯

ತಿರುಮಲೇಶ್ವರ ಮಾಸ್ತರ ಬಂದ. ಶಾಲೆಯಲ್ಲಿ ಇಂಗ್ಲಿಷು ಕಲಿಸುವವನು. ಕೊಡೆಯ ಹಾಗೆ ಮಡಚಿಕೊಂಡು ಮೂಲೆಯಲ್ಲಿ ಕುಳಿತ. ಒಂದು ನಗು ಇಲ್ಲ, ಒಂದು ಹ್ಞೂಂ ಇಲ್ಲ. ಕಥೆ ಮುಗಿಯುತ್ತಲೇ ಶುರು.

"ಲೋಕನಾಥ, ಇದು ಎಷ್ಟನೆಯ ನಂಬರು?"

"ಮೂವತ್ತೊಂದು. ರಟ್ಟಿನ ಮೇಲೆ ಭರ್ಜರಿ ಕಾಳಗ ಉಂಟು, ಹಾಗೆ ಅದರಿಂದಲೇ ಹಿಡಿದೆ."

"ಒಂದನೆಯದ್ದು ನೋಡಿದ್ದೀಯಾ?"

"ಇಲ್ಲ."

"ಮತ್ತೆ ನಿನಗೆ ಎಂತ ಅರ್ಥವಾಯಿತು ಮಣ್ಣು?"

ಮಣ್ಣು! ಎಲ್ಲರ ಎದುರು! ಎದ್ದು ನಿಂತೆ. ಶಾಲು ಹೆಗಲಿಗೆ ಎಸೆದೆ.

"ಆಟದವರು ದೇವರ ಕಥೆಯನ್ನು ತೊಟ್ಟಿಲಿನಿಂದ ಶುರು ಮಾಡಿದ್ದನ್ನು ಎಲ್ಲಿ ನೋಡಿದ್ದೀರಿ ಮಾಷ್ಟ್ರೆ? ಸೀದಾ ಕಾಳಗಕ್ಕೆ ಇಳಿಯುತ್ತಾರೆ. ಯಾರು ಯಾರೆಂದು ವೇಷ ನೋಡಿದರೆ ಜನಕ್ಕೆ ಗೊತ್ತಾಗುತ್ತದೆ. ತೊಟ್ಟಿಲು ತೂಗುವ ಕೆಲಸ ಶಾಲೆಯಲ್ಲಿ ಇಟ್ಟುಕೊಳ್ಳಿ!"

ನಗು ಅಂದರೆ ನಗು. ಕಿಟ್ಟಣ್ಣನಿಗೆ ಚಾ ನೆತ್ತಿಗೇರಿತು. ಮಾಸ್ತರ ಕನ್ನಡಕ ಒರೆಸಿ ಎದ್ದು ಹೋದ. ಹೋಗಲಿ, ಪೀಡೆ.

ಜನವರಿ ೧೮, ಭಾನುವಾರ

ದ್ರೋಹ. ಬೇರೆ ಶಬ್ದ ಇಲ್ಲ.

ಪ್ರೇಮನಾಥ ಗಲ್ಲೆಯಲ್ಲಿ ಚಿಲ್ಲರೆ ಎಣಿಸುತ್ತಾ ಕುಳಿತುಕೊಂಡೇ ಹೇಳಿದ, ಮುಖ ಎತ್ತದೆ. "ಬರುವ ಭಾನುವಾರದಿಂದ ಮಾಷ್ಟ್ರು ಓದ್ತಾರಂತೆ. ಒಂದನೇ ನಂಬರಿನಿಂದ. ಅರ್ಥ ಸಮೇತ."

"ನಾನು?"

"ಯಾರು ಓದಿದರೆ ಜನ ಹೆಚ್ಚು ಸೇರ್ತಾರೋ ಅವರಿಗೆ ಬೆಂಚು. ಕೋಪ ಮಾಡ್ಬೇಡ ಮಾರಾಯ."

ಕೋಪವೆ? ನನಗೆ? ಅವನ ಗೋಳಿಬಜೆ ಇನ್ನು ಮುಟ್ಟುವುದಿಲ್ಲ. (ಎರಡು ತಿಂದಾಗಿತ್ತು.)

ಜನವರಿ ೨೧, ಮಧ್ಯಾಹ್ನ

ವೈರಿಯ ಕೈಯಲ್ಲಿ ಇರುವ ಆಯುಧ ಎಂಥದ್ದು, ನೋಡಬೇಡವೆ? ಕೂಸಪ್ಪನ ಮನೆಗೆ ಹೋದೆ. ಪೆಟ್ಟಿಗೆಯ ಅಡಿಯಲ್ಲಿ ಇತ್ತು, ಒಂದನೆಯ ನಂಬರು. ಜಗಲಿಯಲ್ಲೇ ಬಿಡಿಸಿದೆ.

ಒಂದು ಚಿಕ್ಕ ಮನೆ. ಒಬ್ಬ ತರುಣ, ಅವನ ಮುದಿ ತಾಯಿ. ಊಟ ಮಾಡುತ್ತಿದ್ದಾರೆ. ಬಾಗಿಲಲ್ಲಿ ಬಿಳಿ ಕೋಟು... ಅದೇ ಚೂಪು ಮೀಸೆ, ಅದೇ ಉಂಗುರ. ನನ್ನ ಸುಮುಖರಾಜ. ಕೈಯಲ್ಲಿ ಕೊಳ್ಳಿ.

ಮನೆ ಉರಿಯಿತು. ತಾಯಿ ಒಳಗೆ.

ತರುಣನ ಮುಖ ಸುಟ್ಟಿದೆ. ನೀಲಿ ಬಟ್ಟೆ ಹರಿದ. ಎರಡು ತೂತು ಮಾಡಿದ. ಮುಖಕ್ಕೆ ಕಟ್ಟಿಕೊಂಡ.

ಕಟ್ಟಿಕೊಂಡ!

ಗೋಡೆ ಒಡೆದು ನುಗ್ಗಿದ್ದು ಹುಡುಗಿಯನ್ನು ಕದಿಯುವುದಕ್ಕಲ್ಲ. ಬಿಡಿಸುವುದಕ್ಕೆ.

"ಎಂತ ಲೋಕಣ್ಣ, ಬೆವರುವುದು?" ಎಂದ ಕೂಸಪ್ಪ.

"ಸೆಕೆ," ಎಂದೆ. ಪುಸ್ತಕ ಶಾಲಿನೊಳಗೆ ಇಟ್ಟುಕೊಂಡು ಬಂದೆ.

ಅದೇ ದಿನ, ಸಂಜೆ

ಒಲೆಗೆ ಹಾಕಬಹುದು. ಇಲಿ ತಿಂದಿತು ಎಂದರಾಯಿತು. ಅಮ್ಮಣ್ಣಿ ಹತ್ತಿರ ಹೇಳಿದೆ.

"ರಟ್ಟು ಸಮೇತ ತಿಂದ ಇಲಿಯಾ? ಹಾಗಾದ್ರೆ ಅದನ್ನೂ ಬೆಂಚಿನಲ್ಲಿ ಕೂರಿಸಿ, ಜನ ಬರ್ತಾರೆ."

ಮನೆಯಲ್ಲೂ ಶತ್ರು.

ಇಲ್ಲ, ಸುಡುವುದಿಲ್ಲ. ಮಾಸ್ತರ ಬಾಯಿ ತೆರೆಯುವ ಮೊದಲು ಶನಿವಾರ ನಾನೇ ಕಥೆ ತಿರುಗಿಸುತ್ತೇನೆ. ಎಲ್ಲರೂ ಶಪಿಸಿದ ರಕ್ಕಸನೇ ನಾಯಕ! ಬೇಕೆಂದೇ ಮುಚ್ಚಿಟ್ಟಿದ್ದೆ ಎನ್ನುತ್ತೇನೆ. ಯಾವ ಕಂಪೆನಿಯೂ ಇಂಥ ಅಂಕ ಆಡಿಲ್ಲ. ಮಾಸ್ತರ ಭಾನುವಾರ ಹಳಸಿದ್ದನ್ನು ಬಡಿಸಲಿ.

ಜನವರಿ ೨೪, ಶನಿವಾರ. ಮನೆಗೆ ಬಂದ ಕೂಡಲೇ

ಮುಖಕ್ಕೆ ನೀಲಿ ಬಟ್ಟೆ ಕಟ್ಟಿಕೊಂಡೇ ಹೇಳಿದೆ. ತಾಯಿ ಉರಿದದ್ದನ್ನು ಹೇಳುವಾಗ ಬೆಂಚಿನ ಮೇಲೆ ಮಂಡಿಯೂರಿದೆ. ಬಟ್ಟೆ ಕಿತ್ತು ಎಸೆದೆ. ಕೈ ಎತ್ತಿ ನಿಂತೆ.

ಚಪ್ಪಾಳೆ ಇಲ್ಲ.

ಕಿಟ್ಟಣ್ಣ ಮೆಲ್ಲ ಎದ್ದ. "ಅಂದ್ರೆ... ಅವ ಒಳ್ಳೆಯವನಾ?"

"ಹೌದು!"

"ನಿನಗೆ ಮೊದಲೇ ಗೊತ್ತಿತ್ತಾ?"

"ಮೊದಲಿನಿಂದಲೂ!" ಹಂಚು ಅದುರಿತು.

"ಗೊತ್ತಿದ್ದೂ ನಮ್ಮ ಬಾಯಿಂದ ಅವನಿಗೆ ಬೈಸಿದ್ಯಾ? ಮುಂಡೇಮಗ ಅಂದೆನಲ್ಲ ಮಾರಾಯ! ಅವನ ಅಮ್ಮ ಬೆಂಕಿಯಲ್ಲಿ ಸತ್ತದ್ದು... ಸತ್ತ ಹೆಂಗಸಿಗೆ ನಾನು ದಿನಾ ಬೈದೆ. ನೀನು ನೋಡಿ ನಗಾಡಿದೆ."

ಹಿಂದಿನಿಂದ ಯಾರೋ ಚಾದ ಚರಟ ಎರಚಿದರು. ಶಾಲಿಗೆ ಬಿತ್ತು. ಒಬ್ಬೊಬ್ಬರಾಗಿ ಎದ್ದು ಹೋದರು. ಪ್ರೇಮನಾಥ ಬೆಂಚು ಒರೆಸಿದ. ನಾನು ನಿಂತಿದ್ದಂತೆಯೇ.

"ಗೊತ್ತಿರ್ಲಿಲ್ಲ ಅಂತ ಹೇಳಿದ್ರೆ ಆಗ್ತಿತ್ತಲ್ಲ?" ಎಂದಳು ಅಮ್ಮಣ್ಣಿ, ಶಾಲು ನೆನೆಹಾಕುತ್ತಾ.

ರಾಜನ ಪಾತ್ರ ಮಾಡಿದವನು ಗೊತ್ತಿಲ್ಲ ಎನ್ನುವುದೆ? ಅವಳಿಗೆ ರಂಗದ ಮರ್ಯಾದೆ ಎಂತ ಗೊತ್ತು.

ಜನವರಿ ೨೫

ಹೋಗಲಿಲ್ಲ. ಒಂದನೆಯ ನಂಬರನ್ನು ಬೆಳಿಗ್ಗೆ ಅಮ್ಮಣ್ಣಿಯೇ ಕೂಸಪ್ಪನಿಗೆ ಕೊಟ್ಟು ಬಂದಳು. ಹೋಟೆಲು ತುಂಬಿತ್ತಂತೆ. ಮಾಸ್ತರನ ನಾಲಿಗೆಗೆ ಹುಣ್ಣಾಗಲಿ.

ಫೆಬ್ರವರಿ ೮, ಭಾನುವಾರ. ನಾಲ್ಕು ಗಂಟೆ

ಇಷ್ಟು ದಿನ ಬರೆಯಲಿಲ್ಲ. ಹೋಟೆಲಿನ ಕಡೆ ತಲೆ ಹಾಕಲೂ ಇಲ್ಲ. ಇವತ್ತು ಕಿಟ್ಟಣ್ಣ ಬಂದ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಮಾಷ್ಟ್ರು ಓದುವುದು ಹಾಜರಿ ಕರೆದ ಹಾಗೆ ಉಂಟು. ಅಮ್ಮ ಕೂಗಿದರೂ ಒಂದೇ, ಆ ಬಿಳಿಕೋಟಿನವ ಗದರಿಸಿದರೂ ಒಂದೇ. ಯಾರಿಗೂ ಸಿಟ್ಟೇ ಬರುವುದಿಲ್ಲ."

"ಅದಕ್ಕೆ?"

"ಇವತ್ತು ಸಂಜೆ ಮಾಷ್ಟ್ರು ಒಂದನೇ ನಂಬರನ್ನೇ ಇನ್ನೊಮ್ಮೆ ಓದಲಿ. ಬಿಳಿಕೋಟಿನ ಮಾತು ಬಂದಾಗ ನೀನು ಹೇಳು. ಅವರು ಒಪ್ಪಿದ್ದಾರೆ."

"ಕಥೆ ಅವನದ್ದು, ಕೇಡಿಗ ನಾನು?"

"ನಿನ್ನ ಮೇಲೆ ನನಗೆ ಸಿಟ್ಟು ಹೋಗಿದೆ ಅಂತ ಗ್ರಹಿಸ್ಬೇಡ. ಹೋಗಲಿಲ್ಲ. ನಮಗೆ ಬೈಯ್ಲಿಕ್ಕೆ ಒಬ್ಬ ಬೇಕು, ಅಷ್ಟೆ." ತಿರುಗಿ ನಡೆದ.

ಹೋಗುವುದಿಲ್ಲ. ಆ ಕೊಡೆ ಮಾಸ್ತರನ ಬಗಲಲ್ಲಿ ಕುಳಿತು, ಅವನು ಬೆರಳು ತೋರಿಸಿದಾಗ ಬಾಯಿ ಬಿಡುವುದೆ? ಇಪ್ಪತ್ತು ವರ್ಷ ಕಿರೀಟ ಹೊತ್ತ ತಲೆ ಇದು! ಪ್ರಾಣ ಹೋದರೂ ಇಲ್ಲ.

ಐದೂಕಾಲು

ಸುಮ್ಮನೆ ಹಿತ್ತಿಲಿನಲ್ಲಿ ನಕ್ಕು ನೋಡಿದೆ. ಕೇಡಿಗನ ನಗು. ಹೊಟ್ಟೆಯಿಂದ ಎತ್ತಿ, ಮೂಗಿನಲ್ಲಿ ತಡೆದು, ಮೆಲ್ಲ ಬಿಡಬೇಕು. ಪಕ್ಕದ ಮನೆಯ ಕೋಳಿಗಳು ಚೆಲ್ಲಾಪಿಲ್ಲಿ. ಅಮ್ಮಣ್ಣಿಯ ಕೈಯಿಂದ ಕೊಡಪಾನ ಜಾರಿತು.

ಆ ಮನೆಗೆ ಕೊಳ್ಳಿ ಇಡುವ ಮೊದಲು ಅವನು ಏನಾದರೂ ಹೇಳಿರಬೇಕಲ್ಲ. ಮಾಸ್ತರನಿಗೆ ಅದು ಎರಡು ಸಾಲು. ನನಗೆ ಅರ್ಧ ಗಂಟೆಯ ಮಾತು ಉಂಟು. ಕಿಟ್ಟಣ್ಣ ಬೆಂಚು ಎತ್ತಿ ಹೊಡೆಯಲು ಬರಬೇಕು. ಮಾಸ್ತರನ ಕನ್ನಡಕ ಚಾದೊಳಗೆ ಬೀಳಬೇಕು. ಅವರೆಲ್ಲ ನನ್ನನ್ನು ದ್ವೇಷಿಸಬೇಕು — ಹೇಗೆಂದರೆ —

ಅಮ್ಮಣ್ಣೀ, ನಾಟಕದ ಪೆಟ್ಟಿಗೆಯಲ್ಲಿರುವ ಆ ಬಿಳಿ ಕೋಟು ಇಸ್ತ್ರಿ ಮಾಡು, ಹೊರಟೆ!