ವಾಮುಯು ಹೆಸರಿನ ಇರುವೆ

ನೈರೋಬಿ
ಮಾರ್ಚ್ 14

ಪ್ರಿಯ ಗಿಥೈಗಾ,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ವರ್ಷಗಟ್ಟಲೆ ಒಂದೇ ಮನೆಯನ್ನೂ ಒಂದೇ ಸೂಕ್ಷ್ಮದರ್ಶಕವನ್ನೂ ಹಂಚಿಕೊಂಡು ಬೇರೆಯಾದವರಿಗೆ ಬೇರೆ ಸಂಬೋಧನೆ ಹೊಳೆಯಲಿಲ್ಲ.

ನಿನ್ನ ಕಾಗದ ತಲುಪಿತು. ಅಮ್ಮ ಇರುವಷ್ಟು ಕಾಲವಾದರೂ ಆ ಇರುವೆಯ ಹೆಸರನ್ನು ಮುಟ್ಟಬೇಡ, ಆಮೇಲೆ ಏನನ್ನಾದರೂ ಪ್ರಕಟಿಸಿಕೋ ಎಂದಿದ್ದೀಯ. ಕೇಳಿದ್ದು ದೊಡ್ಡದೇನಲ್ಲ ಎಂದು ನನಗೂ ಅನ್ನಿಸಿತ್ತು.

ನಮಗೆ ಮಕ್ಕಳಾಗಲಿಲ್ಲ. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು, ಎರಡನೆಯದಕ್ಕೆ ಅಮ್ಮನ ತಾಯಿಯ ಹೆಸರು ಎಂಬ ನಮ್ಮ ಕಿಕುಯು ಪದ್ಧತಿ ನಮ್ಮ ಮನೆಯ ಹೊಸ್ತಿಲಲ್ಲೇ ನಿಂತಿತು. ಆಗ ಲೈಕಿಪಿಯಾದ ಎರೆಭೂಮಿಯಲ್ಲಿ, ಸಿಳ್ಳೆಜಾಲಿಯ ಮುಳ್ಳಿನ ಊದಿದ ಗಂಟೊಂದರೊಳಗೆ, ನಿನಗೆ ಆ ಇರುವೆ ಸಿಕ್ಕಿತು. ನಿನ್ನ ತಾಯಿಯ ಹೆಸರಿಟ್ಟೆ. ಅತ್ತೆ ಊರೆಲ್ಲ ಹೇಳಿಕೊಂಡು ಬಂದರು: “ನನ್ ಸೊಸೆ ಹೆರದೇ ಇದ್ರೇನಂತೆ? ಮುಳ್ಳಿನ ಮನೇಲಿ ಪುಟ್ಟ ವಾಮುಯು ಇದಾಳಲ್ಲ!” ಎಲ್ಲರೂ ನಕ್ಕರು. ಗಿಥೇರಿ ಬಡಿಸುತ್ತಿದ್ದ ನಾನೂ ಸೌಟು ಹಿಡಿದುಕೊಂಡೇ ನಕ್ಕೆ.

ಈಗ ಇರುವೆಯ ವಿಷಯ. ಜಾಲಿಮರದ ಇರುವೆಗಳನ್ನೆಲ್ಲ ಮರುವಿಂಗಡಣೆ ಮಾಡುವಾಗ ಆ ಇರುವೆಗಳಿದ್ದ ನಿನ್ನ ಸೀಸೆ ನನ್ನ ಮೇಜಿಗೆ ಬಂತು. ರಾಣಿ ತನ್ನ ಕೆಲಸಗಾರ ಇರುವೆಗಳಿಗಿಂತ ಬೇರೆಯಾಗಿ ಕಾಣುವುದು ಈ ಪ್ರಭೇದದ ವಿಶೇಷ ಎಂದು ನೀನು ಬರೆದಿದ್ದೆ. ಬೇರೆಯಾಗಿ ಕಾಣುವುದು ಅದು ಬೇರೆಯೇ ಆಗಿರುವುದರಿಂದ. ಸೊಂಟದ ಗೆಣ್ಣು, ಬೆನ್ನಿನ ಮುಳ್ಳು, ರೋಮ ಎಲ್ಲವನ್ನೂ ಹೋಲಿಸಿದೆ. ಅದು ನಮಗೆಲ್ಲ ಗೊತ್ತಿರುವ ಕರಿತಲೆ ಇರುವೆಯ ರಾಣಿ; ಮೊಗ್ಗು ಕಡಿದು ಮರವನ್ನು ಹೂ ಬಿಡದಂತೆ ಮಾಡುತ್ತದಲ್ಲ, ಅದೇ. ಕೆಲಸಗಾರ ಇರುವೆಗಳು ಅದರ ಮಕ್ಕಳಲ್ಲ. ಆ ಮರವನ್ನು ಗೆಲ್ಲಲು ಬಂದ ಶತ್ರುಗಳು. ನೀನು ಗಂಟು ಕತ್ತರಿಸಿದ್ದು ಕಾಳಗ ನಡೆಯುತ್ತಿದ್ದ ಮರದಿಂದ.

ರಾಣಿಯ ಹಿಂಗಾಲಿಗೆ ಒಂದು ಕೆಲಸಗಾರ ಇರುವೆ ಇನ್ನೂ ದವಡೆ ಹಾಕಿಕೊಂಡೇ ಇದೆ. ನಿನ್ನ ಪ್ರಬಂಧದಲ್ಲಿ ಅದನ್ನು ಆರೈಕೆ ಎಂದು ವರ್ಣಿಸಿದ್ದೀಯ. ಆ ಸಾಲನ್ನು ಎಷ್ಟು ಹೊತ್ತು ನೋಡುತ್ತಾ ಕುಳಿತೆನೋ ಗೊತ್ತಿಲ್ಲ.

ನಿಯಮವನ್ನು ನಿನಗೆ ನಾನು ಹೇಳಿಕೊಡಬೇಕಿಲ್ಲ. ಹೆಸರಿಡುವಾಗ ಯಾವ ಒಂದು ಇರುವೆಯನ್ನು ಮಾದರಿ ಎಂದು ಆರಿಸುತ್ತೇವೋ, ಹೆಸರು ಅದರ ಜೊತೆ ಹೋಗುತ್ತದೆ. ಮಾದರಿಯಾಗಿ ಕೆಲಸಗಾರ ಇರುವೆಯನ್ನು ಆರಿಸು ಎಂದು ನಾನು ಅಂದಿದ್ದೆ. ಅಮ್ಮನ ಹೆಸರಿಗೆ ರಾಣಿಯೇ ಒಪ್ಪುವುದು ಎಂದೆ ನೀನು. ಆ ರಾಣಿಗೆ ಮೊದಲೇ ಬೇರೆ ಹೆಸರಿರುವುದರಿಂದ ನೀನಿಟ್ಟದ್ದು ಅಳಿಯಲೇಬೇಕು. ಕೆಲಸಗಾರ ಇರುವೆಗಳ ವಿಚಾರ ಈಗ ಬೇಡ.

ಹೊಟ್ಟೆಕಿಚ್ಚಿನಿಂದ ಹೀಗೆ ಮಾಡುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರದ ಮೇಲೆ ನಂಬಿಕೆ ಹುಟ್ಟಲಿಲ್ಲ. ಹೆಸರಿನ ಚೀಟಿ ತೆಗೆದು ಇರುವೆಗಳನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಅವರೂ ಅದನ್ನೇ ಹೇಳಿದರು. ಆದರೂ ನಿನ್ನ ಕೋರಿಕೆಯನ್ನು ನಾನೊಬ್ಬಳೇ ತೀರ್ಮಾನಿಸುವುದು ಸರಿಯಲ್ಲವೆನಿಸಿ, ನ್ಯೇರಿಗೆ ಹೋಗಿ ಅತ್ತೆಯನ್ನೇ ಕೇಳಿದೆ.

ಅವರು ಜಗಲಿಯಲ್ಲಿ ಅವರೆ ಸುಲಿಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, “ಹಂಗಾದ್ರೆ ಅದು ನಾನಲ್ಲ ಅಂತೀಯಾ?” ಎಂದರು.

“ಅಲ್ಲ ಅತ್ತೆ. ಅದಕ್ಕೆ ಮೊದಲೇ ಒಂದು ಹೆಸರಿತ್ತು” ಎಂದೆ.

“ಕೊಲ್ಲೋಕೆ ಬಂದವರನ್ನೂ ಸಾಯೋಳನ್ನೂ ಒಂದೇ ಸೀಸೇಲಿ ತುಂಬಿ, ಇದೊಂದು ಸಂಸಾರ ಅಂದ್ಬಿಟ್ನಾ ನನ್ ಮಗ?” ಅತ್ತೆ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನನ್ನನ್ನೇ ದಿಟ್ಟಿಸಿ, “ನಿಂಗೆ ಖುಷಿ ಆಯ್ತು ತಾನೆ? ನಿಜ ಹೇಳು” ಎಂದರು.

“ಸ್ವಲ್ಪ ಆಯ್ತು” ಎಂದೆ.

“ಪರವಾಗಿಲ್ಲ, ಇನ್ನೂ ಸುಳ್ಳು ಕಲಿತಿಲ್ಲ ನೀನು.”

ಮತ್ತೆ ಅವರೆಕಾಯಿಗೆ ಕೈ ಹಾಕಿದರು. ನನ್ನ ಜಾಗಕ್ಕೆ ಬಂದ ಕ್ಯಾರೊಲ್‌ಗೆ ಮಗಳು ಹುಟ್ಟಿದಾಗ ನೀನು ಆಶ್ಲಿ ಎಂದು ಕರೆದೆಯಂತೆ. ನನ್ನ ಹೆಸರು ಯಾಕಿಲ್ಲ ಎಂದು ಅತ್ತೆ ಕೇಳಿದರೆ, ಅದನ್ನು ಆಗಲೇ ಕೊಟ್ಟಾಗಿದೆ, ಪುಸ್ತಕದಲ್ಲೂ ಅಚ್ಚಾಗಿದೆ ಎಂದೆಯಂತೆ. ಇದು ನನಗೆ ಗೊತ್ತಿರಲಿಲ್ಲ. ನೀನು ನನ್ನಿಂದ ಉಳಿಸಿಕೊಳ್ಳಲು ನೋಡಿದ್ದು ಅಮ್ಮನ ಸಂತೋಷವನ್ನಲ್ಲ, ನಿನ್ನ ನೆಪವನ್ನು.

ಅತ್ತೆ ಹೇಳಿಕಳಿಸಿದ್ದನ್ನು ಹಾಗೆಯೇ ಬರೆಯುತ್ತೇನೆ: “ನನ್ ಹೆಸರು ವಾಪಸ್ ಬಂದಿದೆ ಅಂತ ಹೇಳು ಅವನಿಗೆ. ಹುಳ ಬಿಟ್ಕೊಡ್ತು. ಇನ್ನು ಆ ಮಗೂನ ಕರ್ಕೊಂಡ್ಬಂದು, ನನ್ ಎದುರಿಗೇ ನನ್ ಹೆಸರು ಹಿಡಿದು ಕೂಗ್ಲಿ.”

ಪ್ರಬಂಧ ಅಚ್ಚಿಗೆ ಹೋಗಿದೆ. ನೀನು ಮಗುವನ್ನು ಕರೆದುಕೊಂಡು ಹೋಗುತ್ತೀಯೋ ಇಲ್ಲವೋ ನಾನು ವಿಚಾರಿಸುವುದಿಲ್ಲ. ಅತ್ತೆ ಮಾತ್ರ ದಾರಿಯ ಕಡೆ ಮುಖ ಮಾಡಿ ಕೂರುತ್ತಿದ್ದಾರೆ.

ಇಂತಿ,
ನ್ಯಾಗುಥಿ

ವಿ. ಸೂ.: ಕೆಲಸಗಾರ ಇರುವೆಗಳ ವಿಚಾರ. ಅವು ನಿಜವಾಗಿಯೂ ಹೊಸವು. ಈವರೆಗೆ ಯಾರೂ ಹೆಸರಿಟ್ಟಿಲ್ಲ. ನಿನ್ನ ಕೈಯಲ್ಲೇ ಇದ್ದವು, ನೀನು ರಾಣಿಯನ್ನು ನೋಡುತ್ತಿದ್ದೆ. ಅದೇ ಪ್ರಬಂಧದಲ್ಲಿ ಅವುಗಳಿಗೆ ನಾನು ಗಥೋನಿ ಎಂದು ಹೆಸರಿಟ್ಟಿದ್ದೇನೆ, ನನ್ನ ಅಮ್ಮನ ಹೆಸರು. ಪದ್ಧತಿಯಂತೆ ನಿನ್ನ ಅಮ್ಮನ ಹೆಸರು ಹೊತ್ತಿದ್ದ ನಮ್ಮ ಮೊದಲನೆಯದು ಉಳಿಯಲಿಲ್ಲ, ಆದರೂ ಅದರ ಸರದಿ ಆಗಿಹೋಯಿತು. ಇದು ಎರಡನೆಯದು. ಅತ್ತೆಗೆ ಇದೊಂದನ್ನು ಹೇಳದೆ ಬಂದೆ.