ನಲವತ್ತೊಂದನೇ ಪುಟದ ಕನ್ನಪ್ಪ

ಹೊಸನಗರ
೧೭ ಮಾರ್ಚ್ ೧೯೬೮

ತಮ್ಮ ಸುಂದರೇಶನಿಗೆ, ನಿನ್ನ ಅಕ್ಕ ನಾಗರತ್ನ ಬರೆಯುವುದು.

ನಿನ್ನ ಕಾಗದ ಮೊನ್ನೆ ಶುಕ್ರವಾರ ಬಂತು. ಮೇಲೆ ನಿನ್ನ ಮೆಡಿಕಲ್ ಕಾಲೇಜಿನ ಮುದ್ರೆ, ಇಂಗ್ಲಿಷಿನಲ್ಲಿ ಟೈಪು, ಕೆಳಗೆ ನಿನ್ನ ರುಜು. ರಕ್ತದ ಕೊಬ್ಬು ಮತ್ತು ಹೃದ್ರೋಗದ ಬಗ್ಗೆ ಡಾಕ್ಟರುಗಳಿಗಾಗಿ ನೀನು ನಡೆಸುವ ಉನ್ನತ ತರಬೇತಿ ಈ ಏಪ್ರಿಲಿನಲ್ಲಿ ಎರಡನೇ ಸಲ ನಡೆಯಲಿದೆಯಂತೆ. ಕನ್ನಪ್ಪನನ್ನು ಮತ್ತೊಮ್ಮೆ ಕಳಿಸಬೇಕಂತೆ. ಜೊತೆಗೆ ಅವನ ಮಗಳೂ ಬಂದರೆ, ಅಪ್ಪ ಮಗಳನ್ನು ಒಟ್ಟಿಗೆ ವೇದಿಕೆಯ ಮೇಲೆ ನಿಲ್ಲಿಸಿ ತೋರಿಸಬಹುದಂತೆ. ಕೊನೆಯ ಒಂದು ಸಾಲು ಮಾತ್ರ ನಿನ್ನ ಕೈಬರಹದಲ್ಲಿ, ಕನ್ನಡದಲ್ಲಿ: "ಅಕ್ಕಾ, ಹೇಗಾದರೂ ಒಪ್ಪಿಸು. ಅವರು ನಿನ್ನ ಮಾತು ಕೇಳ್ತಾರೆ."

ಕನ್ನಪ್ಪ ಸತ್ತು ನಾಲ್ಕು ತಿಂಗಳಾಯಿತು, ಸುಂದರೇಶ.

ನನ್ನ ಮಾತು ಕೇಳುತ್ತಾರೆ ಎಂದು ಬರೆದಿದ್ದೀಯಲ್ಲ, ಕೇಳಿದ್ದಕ್ಕೇ ಹೀಗಾಯಿತು. ಮೊದಲ ಸಲ ಅವನು ನಮ್ಮ ಆಸ್ಪತ್ರೆಗೆ ಬಂದದ್ದು ಎದೆ ಹಿಡಿದುಕೊಂಡಲ್ಲ. ನಾಟಾ ಡಿಪೋದಲ್ಲಿ ದಿಮ್ಮಿ ಉರುಳಿ ಕಾಲು ತರಚಿತ್ತು. ತೊಳೆದು ಪಟ್ಟಿ ಕಟ್ಟಲು ಕೂತವಳಿಗೆ ಹಿಮ್ಮಡಿಯ ಮೇಲಿನ ನರದಲ್ಲಿ ಅಡಿಕೆಯಷ್ಟು ದಪ್ಪದ ಗಂಟು ಕೈಗೆ ಸಿಕ್ಕಿತು. ಎರಡೂ ಕಾಲಿಗೆ. ಮೊಣಕೈ ನೋಡಿದೆ, ಅಲ್ಲೂ ಹಳದಿ ಗಂಟು. ಕಣ್ಣಿನ ರೆಪ್ಪೆಯ ಮೇಲೆ ಹಳದಿ ಕಲೆ. ಇದೇನಪ್ಪಾ ಎಂದರೆ ನಕ್ಕು ಹೇಳಿದ: "ಇದು ನಮ್ ಮನಿ ಗುರ್ತು ನರ್ಸಮ್ಮಾ. ಅಪ್ಪಯ್ಯಂಗೂ ಇತ್ತು, ದೊಡ್ಡಪ್ಪಂಗೂ ಇತ್ತು. ನಂ ತಂಗಿ ಮಾಸ್ತಮ್ಮಂಗೂ ಐತೆ." ಅಪ್ಪಯ್ಯ ಈಗ ಎಲ್ಲಿ ಎಂದೆ. ಮೂವತ್ತೆಂಟಕ್ಕೆ ಗದ್ದೆಯಲ್ಲಿ ಎತ್ತು ಹೂಡಿದ್ದಾಗಲೇ ಬಿದ್ದು ಹೋದನಂತೆ. ದೊಡ್ಡಪ್ಪ ನಲವತ್ತು ಕಾಣಲಿಲ್ಲವಂತೆ.

ನೀನು ವಿದೇಶದಿಂದ ಬಂದ ವರ್ಷ ತೀರ್ಥಹಳ್ಳಿಯ ಮನೆಯಲ್ಲಿ ಊಟಕ್ಕೆ ಕೂತು ಇದನ್ನೇ ಅಲ್ಲವೇ ಹೇಳಿದ್ದು? ಕೆಲವು ವಂಶಗಳಲ್ಲಿ ಹುಟ್ಟಿನಿಂದಲೇ ರಕ್ತದಲ್ಲಿ ಕೊಬ್ಬು ವಿಪರೀತ ಇರುತ್ತದೆ, ಅದು ನರದಲ್ಲಿ ಗಂಟು ಕಟ್ಟುತ್ತದೆ, ಹೃದಯದ ರಕ್ತನಾಳದಲ್ಲೂ ಕಟ್ಟುತ್ತದೆ, ಎಳೆಯ ವಯಸ್ಸಿಗೇ ಕೊಂಡೊಯ್ಯುತ್ತದೆ ಎಂದು. ಅದು ನೆನಪಾಗಿ ನಿನಗೆ ಬರೆದೆ. ನಾನು ಎಷ್ಟು ಕಾಗದ ಬರೆದರೂ ತಿಂಗಳುಗಟ್ಟಲೆ ಸುಮ್ಮನಿರುವವನು ಆ ಸಲ ನಾಲ್ಕೇ ದಿನಕ್ಕೆ ಉತ್ತರ ಬರೆದೆ. ಕೂಡಲೇ ಕರೆದುಕೊಂಡು ಬಾ ಅಂದೆ.

ಅವನ ತಾಯಿ ಕೆರಿಯಮ್ಮ ಒಪ್ಪಲಿಲ್ಲ. "ಅಷ್ಟ್ ದೂರ ಕರ್ಕಂಡ್ ಹೋಗಿ ಎಂತ ಮಾಡ್ತ್ರಿ? ಮೈಯಾಗೆ ಹುಷಾರಿರೋನು" ಎಂದಳು. ನಾಲ್ಕು ವರ್ಷದ ಹಿಂದೆ ಅಣೆಕಟ್ಟಿನ ನೀರು ಬಂದು ಅವಳ ಊರೇ ಮುಳುಗಿತ್ತು. ಆಗಲೂ ಪೇಟೆಯಿಂದ ಬಂದವರು ಬೇಕಾದಷ್ಟು ಮಾತು ಕೊಟ್ಟಿದ್ದರು. ಅವಳಿಗೆ ಆ ಮಾತುಗಳ ರುಚಿ ಗೊತ್ತಿತ್ತು. ನಾನು ಏನು ಹೇಳಿದೆ ಗೊತ್ತೇ? ಅಲ್ಲಿರುವವನು ನನ್ನ ಒಡಹುಟ್ಟಿದ ತಮ್ಮ, ಕೆರಿಯಮ್ಮ, ನಿನ್ನ ಮಗನ ಹೊಣೆ ನನ್ನದು ಎಂದೆ.

ಕಳೆದ ವರ್ಷ ನಿನ್ನ ಮೊದಲ ತರಬೇತಿ ನಡೆದ ಆ ಸಭಾಂಗಣ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಅರವತ್ತು ಜನ ಡಾಕ್ಟರುಗಳು. ಕನ್ನಪ್ಪನ ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ನಿಲ್ಲಿಸಿದಿರಿ. ಹತ್ತಿದ ಕೂಡಲೇ ಅವನು ಎಲ್ಲರಿಗೂ ಕೈಮುಗಿದ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನೀನು ಕೋಲಿನಿಂದ ಮೊಣಕೈ ತೋರಿಸಿದೆ, ಹಿಮ್ಮಡಿ ತೋರಿಸಿದೆ, ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದೆ. ಒಬ್ಬೊಬ್ಬರಾಗಿ ಬಂದು ಗಂಟು ಹಿಸುಕಿ ನೋಡಿದರು. ಅವನ ಫೋಟೋ ತೆಗೆದರು, ರಕ್ತ ತೆಗೆದರು. ಚೆನ್ನಾಗಿ ಪಾಠ ಮಾಡಿದೆ ಎಂದು ಬಾಗಿಲಲ್ಲಿ ನಿಂತಿದ್ದ ನನಗೂ ಹೆಮ್ಮೆಯಾಯಿತು. ಈಗ ಆ ಹೆಮ್ಮೆ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇಳಿದು ಬಂದ ಕನ್ನಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿನ್ನನ್ನು ಕೇಳಿದ: "ಸ್ವಾಮೀ, ನಂಗಾಗಿದ್ದು ಎಂತದು?" ನೀನು ಅವನ ಹೆಗಲು ತಟ್ಟಿದೆ. ನನ್ನ ಕಡೆ ತಿರುಗಿ, "ರಿಪೋರ್ಟ್ ಬರಲಿ ಅಕ್ಕಾ, ಎಲ್ಲ ಬರೆದು ಕಳಿಸ್ತೀನಿ" ಎಂದು ಅತಿಥಿಗಳ ಜೊತೆ ಊಟಕ್ಕೆ ನಡೆದೆ.

ನಾನು ನಾಲ್ಕು ಕಾಗದ ಬರೆದೆ. ನಿನ್ನಿಂದ ಒಂದಕ್ಕೂ ಉತ್ತರವಿಲ್ಲ. ನಮ್ಮ ಡಾಕ್ಟರು ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿರಲಿಲ್ಲ. ಕನ್ನಪ್ಪ ವಾರವಾರವೂ ಸಂತೆಗೆ ಬಂದವನು ಆಸ್ಪತ್ರೆಯ ಕಿಟಕಿಯಲ್ಲಿ ಇಣುಕಿ ಕೇಳುತ್ತಿದ್ದ: "ಕಾಗ್ದ ಬಂತಾ ನರ್ಸಮ್ಮಾ?" ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡೇ ಕೇಳುತ್ತಿದ್ದ. ಏರು ಹತ್ತುವಾಗ ಎದೆ ಬಿಗಿಯುತ್ತದೆ ಎಂದು ಒಮ್ಮೆ ಹೆಂಡತಿಯ ಹತ್ತಿರ ಹೇಳಿದ್ದನಂತೆ. ವಾಯು ಇರಬೇಕೆಂದು ಶುಂಠಿ ಕಷಾಯ ಕುಡಿದನಂತೆ. ಆ ಬೀಡಿ ಎಸೆಯೋ ಎಂದು ನಾನಾದರೂ ಗದರಬಹುದಿತ್ತು. ಡಾಕ್ಟರು ಹೇಳದ ಮಾತನ್ನು ನರ್ಸು ಹೇಳಬಾರದು ಎಂದು ಇಪ್ಪತ್ತು ವರ್ಷ ಕಲಿತದ್ದು ಬಾಯಿಗೆ ಅಡ್ಡ ಬಂತು. ಆ ತಪ್ಪು ನನ್ನದು, ನಿನ್ನ ತಲೆಗೆ ಕಟ್ಟುವುದಿಲ್ಲ.

ನವೆಂಬರಿನಲ್ಲಿ, ಮಟಮಟ ಮಧ್ಯಾಹ್ನ, ಡಿಪೋದಲ್ಲಿ ದಿಮ್ಮಿಗೆ ಹೆಗಲು ಕೊಟ್ಟವನು ಹಾಗೇ ಕುಸಿದ. ಗಾಡಿಯಲ್ಲಿ ಹಾಕಿ ನಮ್ಮಲ್ಲಿಗೆ ತರುವಷ್ಟರಲ್ಲಿ ಮುಗಿದಿತ್ತು. ಮೂವತ್ತಮೂರು ವರ್ಷ. ಕೆರಿಯಮ್ಮ ಅಳಲಿಲ್ಲ. ನನ್ನ ಮುಖ ನೋಡಿದಳು ಅಷ್ಟೆ. ಹೊಣೆ ನನ್ನದು ಎಂದವಳ ಮುಖ.

ಇಷ್ಟೇ ಆಗಿದ್ದರೆ ನಿನ್ನ ಮರೆವು, ನಿನ್ನ ಕೆಲಸದ ಗಡಿಬಿಡಿ ಎಂದು ನುಂಗಿಕೊಳ್ಳುತ್ತಿದ್ದೆನೇನೋ. ಡಿಸೆಂಬರಿನಲ್ಲಿ ನಮ್ಮಲ್ಲಿಗೆ ಮಂಜಯ್ಯ ಎಂಬ ಹೊಸ ಡಾಕ್ಟರು ಬಂದರು. ಅವರ ಮೇಜಿನ ಮೇಲೆ ನಿನ್ನ ತರಬೇತಿಯ ಅಚ್ಚಾದ ಪುಸ್ತಕವಿತ್ತು. ತಿರುವಿದೆ. ನಲವತ್ತೊಂದನೇ ಪುಟದಲ್ಲಿ ಕನ್ನಪ್ಪ ಬರಿಮೈಯಲ್ಲಿ ನಿಂತಿದ್ದ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಮಂಜಯ್ಯನವರು ಓದಿ ಹೇಳಿದರು. ಕೊಲೆಸ್ಟರಾಲ್ ಐನೂರ ಹನ್ನೆರಡು, ಇರಬೇಕಾದ್ದರ ಎರಡರಷ್ಟಕ್ಕಿಂತ ಹೆಚ್ಚು. ಇಂಥವರು ಹೊಗೆಸೊಪ್ಪು ಬಿಡಬೇಕು, ಕೊಬ್ಬಿನ ಊಟ ಕಡಿಮೆ ಮಾಡಬೇಕು, ಎದೆ ಬಿಗಿದರೆ ಕೆಲಸ ನಿಲ್ಲಿಸಿ ಮಾತ್ರೆ ತೆಗೆದುಕೊಳ್ಳಬೇಕು, ಮನೆಯವರನ್ನೆಲ್ಲ ಪರೀಕ್ಷಿಸಬೇಕು. ಎಲ್ಲವನ್ನೂ ನೀನೇ ಬರೆದಿದ್ದೀಯ. ಪುಸ್ತಕ ಅಚ್ಚಾದದ್ದು ಸೆಪ್ಟೆಂಬರಿನಲ್ಲಿ. ಅವನಿನ್ನೂ ಎರಡು ತಿಂಗಳು ಬದುಕಿದ್ದ. ಅವನ ರಕ್ತದಲ್ಲಿ ಏನಿದೆ ಎಂದು ಅಚ್ಚಿನಮನೆಯವನಿಗೂ ಗೊತ್ತಿತ್ತು, ಸುಂದರೇಶ. ಅವನೊಬ್ಬನಿಗೆ ಗೊತ್ತಿರಲಿಲ್ಲ. ಒಂದು ಪೋಸ್ಟ್ ಕಾರ್ಡು ಸಾಕಿತ್ತು.

ಇದನ್ನು ನೀನು ಮಾಡಿದೆ ಎಂದು ನಂಬಲು ನನಗೆ ಬಹಳ ದಿನ ಬೇಕಾಯಿತು. ನಮ್ಮ ಅಪ್ಪ ಕಾಯಿಲೆ ಬಿದ್ದು ಮಲಗಿದ್ದಾಗ ಪೇಟೆಯ ಡಾಕ್ಟರು ಜಗಲಿಯಲ್ಲಿ ನಿಂತು ಚಿಕ್ಕಪ್ಪನ ಜೊತೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಹೋಗಿದ್ದರು. ಆಗ ಹದಿನೆಂಟರ ನೀನು ಅಡುಗೆಮನೆಗೆ ಬಂದು ನನ್ನ ಮುಂದೆ ಅತ್ತಿದ್ದೆ. "ಅಪ್ಪನ ಕಾಯಿಲೆ ಅಪ್ಪನಿಗೇ ಹೇಳಬಾರದೇನಕ್ಕಾ?" ಎಂದಿದ್ದೆ. ಅದನ್ನು ನಂಬಿಯೇ ನಾನು ಕನ್ನಪ್ಪನನ್ನು ಬಸ್ಸು ಹತ್ತಿಸಿದ್ದು.

ಪುಸ್ತಕವನ್ನು ಕೆರಿಯಮ್ಮನಿಗೆ ತೋರಿಸಿದೆ. ಮುಚ್ಚಿಡುವುದು ಸಾಧ್ಯವಾಗಲಿಲ್ಲ. ಬೆರಳಿಂದ ಆ ಪಟ್ಟಿಯನ್ನು ಒರೆಸುವ ಹಾಗೆ ಸವರಿ, "ಕಣ್ಣಿಗ್ ಎಂತಕ್ ಹಿಂಗ್ ಮಾಡ್ಯಾರೆ?" ಎಂದಳು. ಯಾರಿಗೂ ಗುರುತು ಸಿಗಬಾರದು ಅಂತ ಎಂದೆ. "ಯಾರಿಗ್ ಸಿಗಬಾರ್ದು?" ಎಂದಳು. ಇದಕ್ಕೆ ಉತ್ತರ ನೀನೇ ಬರೆ.

ಆಮೇಲೆ ನಾವೇ ಹೊರಟೆವು. ಊರು ಮುಳುಗಿದಾಗ ಆ ವಂಶದವರು ಮೂರು ದಿಕ್ಕಿಗೆ ಚದುರಿದ್ದರು. ಮಂಜಯ್ಯನವರು, ನಾನು, ಮನೆಗಳ ದಾರಿ ತೋರಿಸಲು ಕೆರಿಯಮ್ಮ. ಹೊಳೆಬಾಗಿಲಿನಲ್ಲಿ ದೋಣಿ ಹತ್ತಿ ಹಿನ್ನೀರಿನ ಆಚೆ ದಡಕ್ಕೆ ಹೋದೆವು, ಸಾಗರದ ಸುತ್ತಿನ ಹಳ್ಳಿಗಳಿಗೆ ಹೋದೆವು. ಇಪ್ಪತ್ತೇಳು ಜನರ ಕೈಕಾಲು ನೋಡಿದೆವು, ಒಂಬತ್ತು ಜನರಲ್ಲಿ ಗಂಟು ಸಿಕ್ಕಿತು. ಯಾರನ್ನೂ ಸ್ಟೂಲು ಹತ್ತಿಸಲಿಲ್ಲ. ಚಾಪೆಯ ಮೇಲೆ ಅವರ ಪಕ್ಕ ಕೂತು ಮಂಜಯ್ಯನವರು ಕನ್ನಡದಲ್ಲಿ ಹೇಳಿದರು. ಇದು ದೆವ್ವದ ಕಾಟವಲ್ಲ, ಯಾರ ಪಾಪವೂ ಅಲ್ಲ, ರಕ್ತದಲ್ಲಿ ಬಂದದ್ದು, ಹೀಗೆ ಹೀಗೆ ಮಾಡಿದರೆ ಆಯುಸ್ಸು ನಾಲ್ಕು ದಿನ ಹೆಚ್ಚಬಹುದು ಎಂದರು. ಎಲ್ಲರಿಗೂ ಅರ್ಥವಾಯಿತು. ಕನ್ನಪ್ಪನ ತಂಗಿ ಮಾಸ್ತಮ್ಮ, "ಹಂಗಾರೆ ನೀರ್ ಹೊರುವಾಗ ನಂಗೂ ಎದಿ ಹಿಡಿತದೆ, ಅದೂ ಇದೇಯಾ?" ಎಂದಳು. ಹೌದು, ಅದೂ ಇದೇ. ಇಪ್ಪತ್ತೆಂಟರ ಹೆಂಗಸು. ಈಗ ನಾಲಿಗೆಯ ಕೆಳಗಿಡುವ ಮಾತ್ರೆ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾಳೆ. ಬದುಕಿದ್ದಾಳೆ.

ಕನ್ನಪ್ಪನ ಮಗಳು ಗುತ್ಯಮ್ಮನಿಗೆ ಒಂಬತ್ತು ವರ್ಷ. ಗಂಟು ಕಾಣಲಿಲ್ಲ. ಅವಳ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಆಗುಂಬೆ ಬಸ್ಸಿನಲ್ಲಿ ಘಟ್ಟದ ಕೆಳಗೆ ಮಂಜಯ್ಯನವರ ಗೆಳೆಯರೊಬ್ಬರ ಲ್ಯಾಬಿಗೆ ಕಳಿಸಿದೆವು. ಎಂಟನೇ ದಿನಕ್ಕೆ ಕಾರ್ಡು ಬಂತು. ಅವಳ ತಾಯಿಗೂ ಅಜ್ಜಿಗೂ ಹೇಳಿದೆವು, ಆಮೇಲೆ ಅವಳನ್ನೂ ಕೂರಿಸಿಕೊಂಡು ಅವಳಿಗೆ ತಿಳಿಯುವ ಹಾಗೆ ಹೇಳಿದೆವು. ಆ ಕಾರ್ಡಿನಲ್ಲಿದ್ದ ಸಂಖ್ಯೆ ಎಷ್ಟು ಎಂದು ನಿನಗೆ ಬರೆಯುವುದಿಲ್ಲ. ಅದು ಅವಳದು.

ಹಾಗಾಗಿ ಕೇಳು. ಹುಡುಗಿಯನ್ನು ಕಳಿಸುವುದಿಲ್ಲ, ಮಾಸ್ತಮ್ಮನನ್ನೂ ಕಳಿಸುವುದಿಲ್ಲ. ನಿನ್ನ ವಿದ್ಯೆ ದೊಡ್ಡದು, ಅದನ್ನು ಕಲಿಯಲು ಬರುವ ಡಾಕ್ಟರುಗಳೂ ಒಳ್ಳೆಯವರೇ ಇರಬೇಕು. ಏಪ್ರಿಲಿನಲ್ಲಿ ಮೊದಲನೇ ದಿನ, ಮೊದಲನೇ ಪಾಠಕ್ಕೂ ಮುಂಚೆ, ಅವರಿಗೆಲ್ಲ ಆ ಪುಟ ತೆರೆಯಲು ಹೇಳು. ಈತನ ಹೆಸರು ಕನ್ನಪ್ಪ, ಇವನ ಕಾಯಿಲೆಯನ್ನು ನಾವು ಇವನಿಗೆ ಹೇಳಲಿಲ್ಲ, ಇವನು ಸತ್ತ ಎಂದು ಹೇಳು. ಕನ್ನಡದಲ್ಲೇ ಹೇಳು. ಅಷ್ಟು ಹೇಳಿದ ಮೇಲೆ ಉಳಿದ ಪಾಠ ನಿನ್ನಿಷ್ಟ.

ಆಮೇಲೆ ಇಲ್ಲಿಗೆ ಬಾ. ಗುತ್ಯಮ್ಮನ ಹಾಗೆ ಗಂಟು ಕಾಣದ ಇನ್ನೂ ಎಂಟು ಜನರ ರಕ್ತ ನೋಡುವುದಿದೆ, ಮಂಜಯ್ಯನವರೊಬ್ಬರೇ ಎಷ್ಟೆಂದು ಓಡಾಡುತ್ತಾರೆ. ಕೆರಿಯಮ್ಮ ನಿನ್ನನ್ನು ಬೈಯುತ್ತಾಳೆ. ನಾನು ತಡೆಯುವುದಿಲ್ಲ, ಪಕ್ಕದಲ್ಲಿ ಕೂತು ನಾನೂ ಬೈಸಿಕೊಳ್ಳುತ್ತೇನೆ.

ನಿನ್ನ ಕೈ ಹಿಡಿದ ಜನ ಬದುಕಲಿ, ತಮ್ಮಾ. ಇದಕ್ಕಿಂತ ಬೇರೆ ಆಶೀರ್ವಾದ ಇವತ್ತು ನನ್ನ ಬಾಯಲ್ಲಿ ಬರುತ್ತಿಲ್ಲ.

ನಿನ್ನ ಅಕ್ಕ,
ನಾಗರತ್ನ