ಎಲ್ಲರೂ ಹತ್ತಿ ನೋಡಿದ ದೋಣಿ

ರಿಯೋ ದುಲ್ಸೆ ನದಿಯ ದಡ,
ಮಂಗಳವಾರ

ಪ್ರೀತಿಯ ಯೂಲಾಲಿಯ ಚಿಕ್ಕಮ್ಮ,

ನೀನು ಹೇಳಿದಂತೆಯೇ ಮಾಡಿದೆ. ಹಳೆಯ ಮೋಟಾರು ದೋಣಿ ಕೊಳ್ಳಲು ಒಪ್ಪಿಕೊಳ್ಳುವ ಮುಂಚೆ ಅಜ್ಜಿ, ಮಕ್ಕಳು, ತಮಾಲೆ ಕಡುಬು ತುಂಬಿದ ಹಂಡೆ ಎಲ್ಲವನ್ನೂ ಅದಕ್ಕೆ ಹತ್ತಿಸಿದೆ.

“ಏನಮ್ಮಾ, ಇಡೀ ಕೇರೀನೇ ಕರ್ಕೊಂಡ್ ಬಂದ್ಯಾ?” ಎಂದು ಮಾರುವವನು ಅಣಕಿಸಿದ.

“ನಿನ್ನೊಬ್ಬನ್ನೇ ಹೊರೋ ದೋಣಿ ಆದ್ರೆ ನೀನೇ ಇಟ್ಕೋ” ಎಂದೆ.

ದಡ ಬಿಡುವ ಮೊದಲೇ ಹಿಂಬದಿ ಕುಸಿದು ನೀರು ಒಳಬಂತು. ನಡುಹೊಳೆಯಲ್ಲಿ ಹೀಗಾಗಿದ್ದರೆ ಮಕ್ಕಳು ನಮಗೆ ಉಳಿಯುತ್ತಿರಲಿಲ್ಲ. ನಿನ್ನ ಮಾತು ಅವರನ್ನು ಉಳಿಸಿತು. ಬೇರೆಯವನ ಹತ್ತಿರ ಇನ್ನೊಂದು ದೋಣಿ ಕೊಂಡೆವು. ಅದು ಎಲ್ಲರನ್ನೂ ಹೊತ್ತು ಹೊಳೆಯ ಮೇಲ್ತುದಿಯ ಸರೋವರದವರೆಗೂ ಹೋಗಿಬಂತು.

ಧಣಿಗಳ ದೋಣಿ ತೊಳೆದು ತೊಳೆದು ನಿನ್ನ ಕೈ ಸವೆಯಿತು. ಅವರಲ್ಲಿ ಒಬ್ಬನೂ ನಿನಗೆ ‘ಕೂತ್ಕೋ’ ಎನ್ನಲಿಲ್ಲ. ಭಾನುವಾರ ನಮ್ಮ ದೋಣಿ ಹತ್ತಲು ಬಾ. ತೊಳೆಯುವ ಬಕೆಟ್ಟು ತರಬೇಡ. ನೀನು ಕೂರುವ ತನಕ ಮೋಟಾರು ಚಾಲು ಮಾಡುವುದಿಲ್ಲ.

ನಿನ್ನ ಋಣದಲ್ಲಿರುವ
ಮಾರಿಸೆಲ